ಅತಿಮಾನವ ಕಥೆಗಳಲ್ಲಿ ದುರಂತದ ನೆಲೆ

ಅತಿಮಾನವರ ಚಿತ್ರಕಥೆಗಳನ್ನು ಬಾಲಕರ ಕಾಲಹರಣದ ಸಾಮಗ್ರಿಯೆಂದು ತಳ್ಳಿಹಾಕುವುದು ವಿದ್ವಜ್ಜನರ ವಾಡಿಕೆ. ಅವುಗಳಲ್ಲಿ ಮಹಾಕಾವ್ಯಗಳ ಗಾಂಭೀರ್ಯವೇ ಇದೆಯೆಂದು ಸಾರುವವರೂ ಇಂದು ಇಲ್ಲದಿಲ್ಲ. ಈ ಎರಡು ಅಭಿಪ್ರಾಯಗಳ ನಡುವೆ ಸತ್ಯವೆಲ್ಲಿದೆ ಎಂಬುದು ವಿಚಾರಾರ್ಹವಾಗಿದೆ.

ಸಾವು ಸಂಭವಿಸಿದ ಮಾತ್ರಕ್ಕೆ ಕಥೆ ದುರಂತವೆನಿಸದು. ನಾಯಕನ ನಡತೆಯೇ ಅವನ ಕೇಡಿಗೆ ಕಾರಣವಾಗಬೇಕು. ಆದ ಕೇಡು ಮತ್ತೆ ಸರಿಪಡಿಸಲಾಗದಂತಿರಬೇಕು. 1938ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಗುಂಡಿನ ಪೆಟ್ಟಿಗೂ ಜಗ್ಗದವನು. ಗಾಯವೇ ಆಗದವನಿಗೆ ದುರಂತವೆಲ್ಲಿಯದು?

1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೃಷ್ಟಿಸಿದ ಸ್ಪೈಡರ್‌ಮ್ಯಾನ್ ಬೇರೊಂದು ಬಗೆಯವನು. ಹೊಸದಾಗಿ ಶಕ್ತಿ ಪಡೆದ ವಿದ್ಯಾರ್ಥಿ ಪೀಟರ್ ಪಾರ್ಕರ್, ತನ್ನೆದುರೇ ಓಡಿಹೋಗುತ್ತಿದ್ದ ಕಳ್ಳನನ್ನು ಗರ್ವದಿಂದ ತಡೆಯದೆ ಬಿಡುತ್ತಾನೆ. ಮುಂದೆ ಅದೇ ಕಳ್ಳ, ಆತನನ್ನು ಸಾಕಿ ಸಲಹಿದ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಅಂದಿನಿಂದ ಅವನು ಮಾಡುವ ಪ್ರತಿಯೊಂದು ಸಾಹಸವೂ ಆ ಒಂದು ಗಳಿಗೆಯ ಉಪೇಕ್ಷೆಗೆ ಪ್ರಾಯಶ್ಚಿತ್ತವೇ ಸರಿ. 1973ರ ಸಂಚಿಕೆಯೊಂದರಲ್ಲಿ ಶತ್ರು ಆತನ ಪ್ರಿಯತಮೆ ಗ್ವೆನ್‌ಳನ್ನು ಎತ್ತರದ ಸೇತುವೆಯಿಂದ ಕೆಡಹುತ್ತಾನೆ. ಅವಳನ್ನು ಉಳಿಸಲು ಪೀಟರ್ ಎಸೆದ ನೂಲಿನ ಸೆಳೆತಕ್ಕೇ ಅವಳ ಕೊರಳು ಮುರಿಯುತ್ತದೆ. ರಕ್ಷಿಸುವ ಕೈಯೇ ಮೃತ್ಯುವಿನ ಕೈಯಾದ ಈ ಸನ್ನಿವೇಶವನ್ನು ದುರಂತವೆನ್ನಲು ಯಾರೂ ಹಿಂಜರಿಯಬೇಕಿಲ್ಲ.

ಹಾಗಿದ್ದರೂ ಈ ಪ್ರಕಾರಕ್ಕೆ ಒಂದು ಹುಟ್ಟುದೋಷವುಂಟು. ಜನಪ್ರಿಯ ನಾಯಕನ ಕಥೆಯನ್ನು ಮುಗಿಯಗೊಡದಿರುವುದೇ ಪ್ರಕಾಶಕರ ಹಿತ. 1992ರಲ್ಲಿ ಸೂಪರ್‌ಮ್ಯಾನ್ ಸತ್ತನೆಂದು ಸಾರಿದ ಸಂಸ್ಥೆಯೇ ಮರುವರ್ಷ ಅವನನ್ನು ಎಬ್ಬಿಸಿ ನಿಲ್ಲಿಸಿತು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣಭೂಮಿಯಲ್ಲಿ ತಮ್ಮನ ಶವವನ್ನೂ ಕರ್ಣನ ಶವವನ್ನೂ ಕಂಡು ಮರುಗುವಾಗ, ಅವರು ಮತ್ತೆ ಏಳುವವರಲ್ಲವೆಂಬ ಅರಿವೇ ಆ ಶೋಕಕ್ಕೆ ತೂಕವನ್ನು ಕೊಡುತ್ತದೆ. ಸಾವನ್ನೇ ಹಿಂತೆಗೆದುಕೊಳ್ಳುವ ಲೋಕದಲ್ಲಿ ಶೋಕ ಹಗುರವಾಗುತ್ತದೆ. ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ 1986-87ರಲ್ಲಿ ರಚಿಸಿದ ‘ವಾಚ್‌ಮೆನ್’ ಹನ್ನೆರಡು ಸಂಚಿಕೆಗಳಲ್ಲಿ ತನ್ನ ಕಥೆಯನ್ನು ಮುಗಿಸಿತು. ಅದರ ಗಾಂಭೀರ್ಯಕ್ಕೆ ಈ ಮುಕ್ತಾಯವೂ ಒಂದು ಕಾರಣ.

ಆದುದರಿಂದ ಇಂಥ ಕಥೆಗಳಲ್ಲಿ ಮನಸ್ಸಿನ ಆಳವೂ ಇದೆ, ದುರಂತದ ಬೀಜವೂ ಇದೆ. ಬೆಳೆ ಮಾತ್ರ ಅಪೂರ್ವ. ಬಾಲಕನ ಕೈಯಿಂದ ಪುಸ್ತಕವನ್ನು ಕಸಿಯುವ ಅಧ್ಯಾಪಕನು, ಆ ಕಳ್ಳನನ್ನು ಪೀಟರ್ ಏಕೆ ತಡೆಯಲಿಲ್ಲವೆಂದು ಒಮ್ಮೆ ಕೇಳಿ ನೋಡಲಿ. ಅದಕ್ಕೆ ಬರುವ ಉತ್ತರದಿಂದ ರನ್ನನವರೆಗಿನ ದಾರಿ ಬಹು ದೂರದ್ದೇನಲ್ಲ.