ದಾಕ್ಷಿಣ್ಯಕ್ಕೆ ಪಾಲಿಸಿ ಮಾಡಿಸ್ಬೇಡಿ

ಅಕ್ಕಂದ್ರೆ, ತಂಗೀರೆ, ಒಂದು ಸಮಾಚಾರ ಹೇಳ್ಬೇಕು. ನಾನು ವಿಮೆ ಏಜೆಂಟ್ ಆದೆ ಕಣ್ರೇ. ನಗ್ಬೇಡಿ. 53 ವರ್ಷಕ್ಕೆ, ಮೊಮ್ಮಗೂನ ತೊಡೆ ಮೇಲೆ ಮಲಗಿಸ್ಕೊಂಡು ಓದಿ, ಪರೀಕ್ಷೆ ಬರೆದು ಪಾಸ್ ಮಾಡಿದೀನಿ. ಎಲ್‌ಐಸಿಯವರು 2024ರ ಡಿಸೆಂಬರಿನಲ್ಲಿ ಬಿಮಾ ಸಖಿ ಅಂತ ಹೆಂಗಸ್ರಿಗೇ ಒಂದು ಯೋಜನೆ ಶುರು ಮಾಡಿದ್ರಲ್ಲ, ಅದ್ರಲ್ಲಿ. ಎಸ್ಸೆಸ್ಸೆಲ್ಸಿ ಆಗಿದ್ರೆ ಸಾಕು, 18ರಿಂದ 70 ವರ್ಷದವರೆಗೆ ಯಾರು ಬೇಕಾದ್ರೂ ಸೇರ್ಬೋದು. ಮೊದಲನೇ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಕೊಡ್ತಾರೆ. ಕಮಿಷನ್ ಬೇರೆ. ಆದ್ರೆ ಸುಮ್ನೆ ಕೊಡಲ್ಲ, ವರ್ಷಕ್ಕೆ 24 ಪಾಲಿಸಿ ಮಾಡಿಸ್ಬೇಕು.

ಈಗ ಬರೋದೇ ವಿಮೆಯವರ ಸುಗ್ಗಿ. ಜನವರಿಯಿಂದ ಮಾರ್ಚ್ 31ರವರೆಗೆ ಏಜೆಂಟ್‌ಗಳಿಗೆ ಊಟಕ್ಕೂ ಪುರುಸೊತ್ತಿರಲ್ಲ. ನಮ್ಮ ಕಡೆ ಕೈಯಲ್ಲಿ ನಾಕು ಕಾಸು ಓಡಾಡೋದೂ ಆವಾಗ್ಲೇ. ರಾಗಿ ಕಣದಿಂದ ಮನೆ ಸೇರಿರುತ್ತೆ, ಬೇಲೂರು ಕಡೆ ಕಾಫಿ ಕುಯ್ಲು ನಡೀತಿರುತ್ತೆ. ಅದಕ್ಕೇ ನಮ್ಮ ನಾದ್ನಿ ಮೊನ್ನೆ ಬಂದೋಳು ಜಗಲಿ ಮೇಲೆ ಕೂತ್ಕೊಂಡು ಲೆಕ್ಕ ಹಾಕಿದ್ಲು. "ಅತ್ಗೆ, ಮೊದ್ಲು ನಮ್ಮೋರ್ನೇ ಹಿಡೀರಿ. ಬಾಣಾವರದಾಗೆ ನಮ್ಮ ಭಾವ, ಹಳೇಬೀಡ್ನಾಗೆ ನಿಮ್ಮ ಚಿಕ್ಕಮ್ಮನ ಮಕ್ಳು, ಬೇಲೂರ್ನಾಗೆ ಇಬ್ರು. ನೀವು ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅಂದಾರಾ? 24 ಅನ್ನೋದು ಶಿವರಾತ್ರಿಗೇ ಮುಗ್ದೋಯ್ತದೆ" ಅಂದ್ಲು.

ಇಲ್ಲ ಅನ್ನಲ್ಲ ಅನ್ನೋದೇ ನನ್ನ ತಕರಾರು. ನಮ್ಮ ಜನಕ್ಕೆ ಮುಖ ನೋಡಿ ಇಲ್ಲ ಅನ್ನೋಕೆ ಬರಲ್ಲ. ನಾನೇ ಹಂಗೆ ಮಾಡಿದೋಳು. ಇಪ್ಪತ್ತು ವರ್ಷದ ಹಿಂದೆ ನೆಂಟರ ಹುಡುಗ ಒಬ್ಬ ಬಂದು "ದೊಡ್ಡಮ್ಮ, ಒಂದೇ ಒಂದು ಮಾಡ್ಸಿ, ಟಾರ್ಗೆಟ್ ಐತೆ" ಅಂದ. ಏನು, ಎತ್ತ ಕೇಳ್ದೆ ರುಜು ಹಾಕಿದೆ. ಒಂದು ವರ್ಷ ಕಟ್ಟಿದೆ. ಆಮೇಲೆ ಮಗಳ ಕಾಲೇಜು ಫೀಜು ಬಂತು, ಬಿಟ್ಬಿಟ್ಟೆ. ಒಂದು ಪೈಸೆ ವಾಪಸ್ ಬರ್ಲಿಲ್ಲ. 2024ರ ಅಕ್ಟೋಬರಿನಿಂದ ನಿಯಮ ಸ್ವಲ್ಪ ಮೃದು ಮಾಡಿದಾರೆ, ಒಂದು ವರ್ಷದ ಕಂತು ಪೂರ್ತಿ ಕಟ್ಟಿದ್ರೆ ಒಂದಿಷ್ಟು ಲೆಕ್ಕಕ್ಕೆ ಬರುತ್ತೆ. ಆದ್ರೂ ಬಿಟ್ಟೋರಿಗೆ ನಷ್ಟ ತಪ್ಪಲ್ಲ.

ಅಟ್ಟದ ಮೇಲೆ ಕಾಯಿ ಹಾಕಿದ್ರೆ ಕೊಬ್ಬರಿ ಆಗೋಕೆ ಹತ್ತಿರ ಹತ್ತಿರ ಒಂದು ವರ್ಷ ಕಾಯ್ಬೇಕು. ಅರಸೀಕೆರೆಯೋರಿಗೆ ಇದನ್ನ ಹೇಳ್ಕೊಡ್ಬೇಕಾ? ನಾಕು ತಿಂಗಳಿಗೇ ಇಳಿಸಿ ಸುಲಿದ್ರೆ ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ಬರೀನೂ ಅಲ್ಲ. ದಾಕ್ಷಿಣ್ಯದ ಪಾಲಿಸಿ ಅಂಥದ್ದು. ನನಗೂ ಅದ್ರಿಂದ ಲಾಭ ಇಲ್ಲ, ಯಾಕಂದ್ರೆ ಹಿಂದಿನ ವರ್ಷ ಮಾಡಿಸಿದ್ರಲ್ಲಿ ನೂರಕ್ಕೆ 65 ಆದ್ರೂ ನಡೀತಿದ್ರೇನೇ ಮುಂದಿನ ವರ್ಷದ ದುಡ್ಡು ನನಗೆ ಬರೋದು.

ಇನ್ನೊಂದು ವಿಷ್ಯ ಬರೀಬೇಕೋ ಬೇಡ್ವೋ ಅಂತ ಯೋಚಿಸ್ದೆ. ಬರೀತೀನಿ. ನಮ್ಮ ಸಂಬಂಧದಲ್ಲೇ ಒಬ್ಬಳ ಗಂಡಂಗೆ ಸಕ್ಕರೆ ಕಾಯಿಲೆ ಇತ್ತು, ಮಾತ್ರೆ ತಗೊಳ್ತಿದ್ದ. ಮಾರ್ಚ್ ಕೊನೆ ಗಡಿಬಿಡೀಲಿ ಏಜೆಂಟ್ ಬಂದು ಫಾರಂ ತಾನೇ ತುಂಬಿಸ್ಕೊಂಡು ಹೋದ. "ಕಾಯಿಲೆ ಇದೆಯಾ" ಅನ್ನೋ ಕಡೆ "ಇಲ್ಲ" ಅಂತ ಬರೆದ. ಇವ್ನು ಓದ್ದೆ ರುಜು ಹಾಕಿದ. ಎರಡನೇ ವರ್ಷಕ್ಕೆ ಹೋಗ್ಬಿಟ್ಟ. ಆಸ್ಪತ್ರೆ ಕಾಗದ ನೋಡಿ, ಹಳೇ ಕಾಯಿಲೆ ಮುಚ್ಚಿಟ್ಟಿದೀರಿ ಅಂತ ಕ್ಲೇಮು ವಾಪಸ್ ಬಂತು. ಕಟ್ಟಿದ ಕಂತಷ್ಟೇ ಕೈಗೆ ಸಿಕ್ಕಿದ್ದು. ಎರಡು ಮಕ್ಕಳ ಕಟ್ಕೊಂಡು ಇವತ್ತು ಅವಳು ಕೂಲಿಗೆ ಹೋಗ್ತಾಳೆ. ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಹೀಗೆ ತಗಾದೆ ತೆಗೆಯೋ ಹಾಗಿಲ್ಲ ಅಂತ ಕಾನೂನಿದೆ, 45ನೇ ಸೆಕ್ಷನ್ನು. ಅದ್ರೆ ಸಾವು ಮೂರು ವರ್ಷ ತುಂಬ್ಲಿ ಅಂತ ಕಾಯ್ಕೊಂಡು ಕೂರುತ್ತಾ?

ಅವಳ ಮುಖ ಕಣ್ಮುಂದೆ ಇಟ್ಕೊಂಡೇ ನಾನು ಈ ಸುಗ್ಗಿಗೆ ತಯಾರಾಗ್ತಿರೋದು. ಒಂದು ನೋಟ್‌ಬುಕ್ ಮಾಡಿದೀನಿ. ಒಂದೊಂದು ಮನೆಗೆ ಒಂದೊಂದು ಪುಟ. ದುಡಿಯೋರು ಯಾರು, ಸಾಲ ಎಷ್ಟು, ದುಡ್ಡು ಯಾವ ತಿಂಗಳು ಬರುತ್ತೆ ಅಂತ ಬರ್ಕೊಳ್ತೀನಿ. ಕಾಫಿ ದುಡ್ಡು ಬರೋರಿಗೆ ಶ್ರಾವಣದಲ್ಲಿ ಕಂತು ಬಿದ್ರೆ ಕಟ್ಟೋದು ಹೆಂಗೆ? ವರ್ಷದ ಕಂತಿಗೆ 30 ದಿನ ರಿಯಾಯಿತಿ ಇರುತ್ತೆ, ತಿಂಗಳ ಕಂತಿಗೆ 15 ದಿನ ಅಷ್ಟೆ. ಅದಕ್ಕೆ ಕಂತಿನ ತಿಂಗಳು ಮೊದಲೇ ಯೋಚಿಸ್ಬೇಕು.

ಫಾರಮ್ಮಿನ ಒಂದೊಂದು ಪ್ರಶ್ನೇನೂ ಜೋರಾಗಿ ಓದಿ ಹೇಳ್ತೀನಿ. ಬಿಪಿ, ಸಕ್ಕರೆ, ಆಪರೇಷನ್, ಬೀಡಿ, ಎಲ್ಲಾ ಇದ್ದದ್ದು ಇದ್ದಂಗೆ ಹೇಳಿ. ಕಂತು ಸ್ವಲ್ಪ ಜಾಸ್ತಿ ಆಗ್ಬೋದು, ಬೇಡ ಅಂತಲೂ ಅನ್ಬೋದು. ಸುಳ್ಳು ಹೇಳಿ ತಗೊಂಡ ಪಾಲಿಸಿಗಿಂತ ಅದೇ ವಾಸಿ. ಪಾಲಿಸಿ ಕೈಗೆ ಬಂದ್ಮೇಲೂ ಇಷ್ಟ ಆಗ್ಲಿಲ್ಲ ಅಂದ್ರೆ 30 ದಿನದೊಳಗೆ ವಾಪಸ್ ಮಾಡ್ಬೋದು. ನಾನು ಬೇಜಾರು ಮಾಡ್ಕೊಳ್ಳಲ್ಲ.

ಮೇಷ್ಟ್ರುಗಳಿಗೆ, ಆಫೀಸಿನೋರಿಗೆ ಒಂದು ಮಾತು. ಟ್ಯಾಕ್ಸ್ ಉಳಿಯುತ್ತೆ ಅಂತ ಮಾರ್ಚ್‌ನಲ್ಲಿ ಓಡ್ಬೇಡಿ. ಹೊಸ ತೆರಿಗೆ ಪದ್ಧತೀಲಿ ಇರೋರಿಗೆ ಎಲ್‌ಐಸಿ ಕಂತಿನ ಮೇಲೆ ವಿನಾಯಿತಿ ಇಲ್ಲ. ಅದನ್ನ ತೋರಿಸಿ ಯಾರಾದ್ರೂ ಮಾರೋಕೆ ಬಂದ್ರೆ ಯಾವ ಪದ್ಧತೀಲಿದೀರಿ ಅಂತ ಮೊದ್ಲು ನೋಡ್ಕೊಳ್ಳಿ.

ನನ್ನ ಹತ್ರ ಬರೋಕ್ ಮುಂಚೆ ನೀವೆಲ್ಲ ಬ್ಯಾಂಕಿಗೆ ಹೋಗ್ಬನ್ನಿ. ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವನ ಜ್ಯೋತಿ ಇದೆ, 20 ರೂಪಾಯಿಗೆ 2 ಲಕ್ಷದ ಅಪಘಾತದ ಸುರಕ್ಷಾ ವಿಮೆ ಇದೆ. ಅದ್ರಲ್ಲಿ ನನಗೆ ಕಮಿಷನ್ ಬರಲ್ಲ, ಆದ್ರೂ ಹೇಳ್ತಿದೀನಿ. ಜ್ಯೋತಿಗೆ 50 ವರ್ಷದೊಳಗೆ ಸೇರ್ಬೇಕು. 2015ರಲ್ಲಿ ಅದು ಶುರುವಾದಾಗ ನನಗೆ ವಯಸ್ಸಿತ್ತು, ತಿಳಿಸೋರಿರ್ಲಿಲ್ಲ. ಈಗ ತಿಳೀತು, ವಯಸ್ಸಿಲ್ಲ. ಮೇ ಕೊನೇಲಿ ಖಾತೇಲಿ ದುಡ್ಡಿಲ್ದೇ ಹೋದ್ರೆ ಅದೂ ನಿಂತ್ಹೋಗುತ್ತೆ, ಗ್ಯಾಪ್ಕ ಇರ್ಲಿ.

ಕೊನೇದಾಗಿ, "ಮೊದಲ್ನೇ ಕಂತು ನೀನೇ ಕಟ್ಬುಡು ಅಕ್ಕ" ಅಂತ ಯಾರೂ ಕೇಳ್ಬೇಡಿ. ಈಗಾಗ್ಲೇ ಇಬ್ರು ಕೇಳಿದಾರೆ. ಅದು ಕಾನೂನಿಗೆ ವಿರುದ್ಧ, 10 ಲಕ್ಷದವರೆಗೆ ದಂಡ ಹಾಕ್ಬೋದು. ಕಾನೂನು ಪಕ್ಕಕ್ಕಿಡಿ. ಹೆಣ್ಣುಮಗಳೊಬ್ಳು ಬಿಸಿಲಲ್ಲಿ ಓಡಾಡಿ ದುಡಿಯೋ ನಾಕು ಕಾಸಲ್ಲಿ ಪಾಲು ಕೇಳೋದು ಸರೀನಾ? ಸೊಪ್ಪು ಮಾರೋಳ ಹತ್ರ ಕಟ್ಟಿಗೆ ಎರಡು ರೂಪಾಯಿ ಬಿಡಿಸ್ಕೊಳ್ಳೋ ಬುದ್ಧೀನೇ ಇದೂ.

24 ಆಗುತ್ತೋ ಇಲ್ವೋ ಗೊತ್ತಿಲ್ಲ. ಆಗ್ದಿದ್ರೆ ತಿಂಗಳ 7,000 ಹೋಗುತ್ತೆ, ಮನೇಲಿ "ನಾವು ಮೊದ್ಲೇ ಹೇಳ್ಲಿಲ್ವಾ" ಅನ್ನೋರು ಕಾಯ್ತವ್ರೆ. ಹೋದ್ರೆ ಹೋಗ್ಲಿ. ನಾಳೆ ಸಾವಿನ ಮನೇಲಿ ತಲೆ ತಗ್ಗಿಸಿ ನಿಲ್ಲೋದು ನನ್ನ ಕೈಲಾಗಲ್ಲ.

ಸಂಕ್ರಾಂತಿ ಎಳ್ಳು ಬೀರೋಕೆ ಬರ್ತೀರಲ್ಲ, ಆವಾಗ ಮನೇಲಿರೋ ಹಳೇ ಪಾಲಿಸಿ ಕಾಗದ ಟ್ರಂಕಿಂದ ತೆಗ್ದು ತನ್ನಿ. ಯಾವುದು ನಡೀತಿದೆ, ಯಾವುದು ನಿಂತಿದೆ, ನಾಮಿನಿ ಹೆಸರು ಯಾರ್ದಿದೆ, ಕೂತು ನೋಡೋಣ. ತೀರ್ಕೊಂಡ ಅತ್ತೆಮ್ಮನ ಹೆಸರೇ ಇನ್ನೂ ನಾಮಿನಿ ಆಗಿರೋ ಮನೆ ಬೇಕಾದಷ್ಟಿವೆ. ಅದನ್ನ ಸರಿ ಮಾಡ್ಸೋಕೆ ಹೊಸ ಪಾಲಿಸಿ ಏನೂ ತಗೋಬೇಕಾಗಿಲ್ಲ.