ಡಿಎಸ್‌ಎಲ್‌ಆರ್: ಗ್ರಾಹಕರು ಕೈಬಿಟ್ಟರೇ, ಕಂಪನಿಗಳೇ?

ಡಿಎಸ್‌ಎಲ್‌ಆರ್ ಕ್ಯಾಮರಾಗಳ ಯುಗ ಮುಗಿಯಿತೇ? ಅಂಕಿಅಂಶಗಳು ಹೌದೆನ್ನುತ್ತವೆ. ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದಂತೆ 2012ರಲ್ಲಿ ಸುಮಾರು 1.6 ಕೋಟಿ ಡಿಎಸ್‌ಎಲ್‌ಆರ್‌ಗಳು ಕಾರ್ಖಾನೆಗಳಿಂದ ರವಾನೆಯಾಗಿದ್ದವು. 2023ರಲ್ಲಿ ಸುಮಾರು 12 ಲಕ್ಷ. ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮರಾಗಳು 2020ರಲ್ಲೇ ಅವನ್ನು ಹಿಂದಿಕ್ಕಿ, 2023ರಲ್ಲಿ ಸುಮಾರು 48 ಲಕ್ಷ ಮುಟ್ಟಿದವು. ಹಳೆಯದು ಕಳೆದುಕೊಂಡಷ್ಟನ್ನು ಹೊಸದು ಗಳಿಸಿಲ್ಲವೆಂಬುದು ಗಮನಾರ್ಹ. ಉಳಿದ ಗಿರಾಕಿಗಳನ್ನು ಬಹುಪಾಲು ಮೊಬೈಲ್ ಫೋನ್ ಸೆಳೆದುಕೊಂಡಿತು.

ಕ್ಯಾಮರಾವನ್ನು ಇನ್ನೂ ಕೊಳ್ಳುವವರು ಬಯಸುವುದೇನು? ಕಬಿನಿ ಹಿನ್ನೀರಿನಲ್ಲಿ ಚಿರತೆಗಾಗಿ ಕಾದು ಕೂರುವವರಿಗೆ ಸದ್ದಿಲ್ಲದ ಶಟರ್, ಪ್ರಾಣಿಯ ಕಣ್ಣನ್ನೇ ಹಿಂಬಾಲಿಸುವ ಫೋಕಸ್ ವರದಾನವೇ ಸರಿ. ದಿನವಿಡೀ ಮದುವೆ ಚಿತ್ರೀಕರಿಸುವವರ ಲೆಕ್ಕಾಚಾರ ಬೇರೆ. ನಿಕಾನ್ ಡಿ850ರ ಬ್ಯಾಟರಿ ಒಂದು ಚಾರ್ಜಿಗೆ 1,840 ಚಿತ್ರ ತೆಗೆಯಬಲ್ಲದೆಂದು ಕಂಪನಿಯ ಹೇಳಿಕೆ. ಅದರದೇ ಮಿರರ್‌ಲೆಸ್ ಝಡ್7ಕ್ಕೆ 330. (ಬಳಕೆಯಲ್ಲಿ ಎರಡೂ ಹೆಚ್ಚೇ ಬಾಳುತ್ತವೆ, ಅಂತರವಂತೂ ಉಳಿಯುತ್ತದೆ.) ವರ್ಷಗಟ್ಟಲೆ ಕೂಡಿಸಿದ ಲೆನ್ಸ್‌ಗಳ ಚಿಂತೆ ಇನ್ನೂ ದೊಡ್ಡದು. ನಿಕಾನಿನ ಹಳೆಯ ಎಎಫ್-ಡಿ ಲೆನ್ಸ್‌ಗಳು ಕಂಪನಿಯ ಅಡಾಪ್ಟರ್ ತೊಡಿಸಿದರೂ ತಾವಾಗಿ ಫೋಕಸ್ ಮಾಡಲಾರವು.

ಆದ್ದರಿಂದ ಈ ಕುಸಿತವನ್ನು ಸಂಪೂರ್ಣ ಗ್ರಾಹಕರ ತೀರ್ಪೆನ್ನಲಾಗದು. 2020ರ 1ಡಿಎಕ್ಸ್ ಮಾರ್ಕ್ 3 ತನ್ನ ಕೊನೆಯ ಅಗ್ರಶ್ರೇಣಿಯ ಡಿಎಸ್‌ಎಲ್‌ಆರ್ ಎಂದು ಕ್ಯಾನನ್ ಮುಖ್ಯಸ್ಥರೇ 2021ರಲ್ಲಿ ಸಾರಿದರು. ಹೊಸ ಮಾದರಿಯೇ ಬಾರದ ಮೇಲೆ ಮಾರಾಟ ಏರುವುದಾದರೂ ಹೇಗೆ?