ಯಾರಿಗೆ ತೃಪ್ತಿಕರ?

ಊರಿನ ಗಾಳಿ ‘ತೃಪ್ತಿಕರ’ವೆಂದು ಸರ್ಕಾರದ ಸೂಚ್ಯಂಕ ಸಾರಿದ ದಿನವೇ ಎದೆ ಬಿಗಿದು ಕೆಮ್ಮುತ್ತ ಕೆಲಸಕ್ಕೆ ಹೊರಟವನು ಯಾರನ್ನು ನಂಬಬೇಕು? ಸೂಚ್ಯಂಕವನ್ನೋ, ತನ್ನ ಎದೆಯನ್ನೋ?

ಈ ‘ತೃಪ್ತಿ’ಯ ಒಳಗುಟ್ಟನ್ನು ನಮ್ಮ ವಾಚಕರು ತಿಳಿದಿರಬೇಕು. ಪಿ.ಎಂ. 2.5 ಎಂಬುದು ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿಗೂ ಕಿರಿದಾದ ಕಣ. ಮೂಗು ಗಂಟಲುಗಳಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕಿಳಿಯುತ್ತದೆ. ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರಿ ಹೃದಯಾಘಾತಕ್ಕೆ, ಪಾರ್ಶ್ವವಾಯುವಿಗೆ ದಾರಿ ಮಾಡುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇದರ 24 ಗಂಟೆಗಳ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2015ರಲ್ಲಿ ಜಾರಿಗೆ ಬಂದ ನಮ್ಮ ಸೂಚ್ಯಂಕಕ್ಕೆ 60ರವರೆಗೂ ತೃಪ್ತಿ! ನಾಲ್ಕು ಪಟ್ಟು! ಅಂಗಡಿಯವನೊಬ್ಬ ಹೀಗೆ ತಕ್ಕಡಿ ಹಿಡಿದರೆ ತೂಕ-ಅಳತೆಯ ಇನ್ಸ್‌ಪೆಕ್ಟರರು ಸುಮ್ಮನೆ ಬಿಟ್ಟಾರೆಯೇ?

ಮೇಲಾಗಿ ಅದು ಸರಾಸರಿ. ಅಪಾಯವನ್ನು ಅಳೆಯಲು ಗಾಳಿಯಲ್ಲಿ ವಿಷವೆಷ್ಟಿದೆಯೆಂದು ಕೇಳಿದರೆ ಸಾಲದು. ಅದನ್ನು ಯಾರು, ಎಷ್ಟು ಹೊತ್ತು, ಎಷ್ಟು ಜೋರಾಗಿ ಎಳೆದುಕೊಳ್ಳುತ್ತಾರೆಂದೂ ಕೇಳಬೇಕು. ಕುಳಿತವನು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಉಸಿರಾಡಿದರೆ ಮೂಟೆ ಹೊರುವ ಹಮಾಲಿ ಅದರ ಹಲವು ಪಟ್ಟು ಉಸಿರಾಡುತ್ತಾನೆ. ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ ಹೊಗೆಯಲ್ಲಿ ನಿಂತವನು, ಹತ್ತಿಯ ಧೂಳಿನಲ್ಲಿ ಯೌವನ ಕಳೆದವನು, ಬಸ್ಸು ಲಾರಿಗಳ ಹೊಗೆಗೆ ಮುಖವೊಡ್ಡಿ ದಿನವಿಡೀ ಅಂಗಡಿಯಲ್ಲಿ ಕೂತವನು—ಇವರು ಯಾವ ಸರಾಸರಿಯಲ್ಲಿದ್ದಾರೆ? ರಜೆ ಮುಗಿದು ಸೋಮವಾರ ಗಿರಣಿಗೆ ಹೋದೊಡನೆ ಎದೆ ಹಿಡಿಯುವುದು ಹತ್ತಿ ಧೂಳಿನ ರೋಗದ ಗುರುತು. ಹಳೆಯ ಕಾರ್ಮಿಕರಿಗೆ ಅದನ್ನು ವೈದ್ಯರು ಹೇಳಿಕೊಡಬೇಕಾಗಿಲ್ಲ.

ಇನ್ನು ದಿಲ್ಲಿಯ ಮಾತು. 2019ರ ಡಿಸೆಂಬರಿನಲ್ಲಿ ಅಂದಿನ ಪರಿಸರ ಮಂತ್ರಿ ಪ್ರಕಾಶ್ ಜಾವಡೇಕರರು, ಮಾಲಿನ್ಯದಿಂದ ಆಯುಷ್ಯ ಕುಗ್ಗುತ್ತದೆಂದು ಯಾವ ಭಾರತೀಯ ಅಧ್ಯಯನವೂ ತೋರಿಸಿಲ್ಲವೆಂದು ಲೋಕಸಭೆಗೆ ತಿಳಿಸಿದರು. ಸರ್ಕಾರದ್ದೇ ಆದ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸಿದ ಅಧ್ಯಯನ ಪ್ರಕಟವಾಗಿ ಆಗ ಸರಿಯಾಗಿ ಒಂದು ವರ್ಷವಾಗಿತ್ತು! 2017ರಲ್ಲಿ ಈ ದೇಶದ 12.4 ಲಕ್ಷ ಸಾವುಗಳಿಗೆ ಗಾಳಿಯ ಮಾಲಿನ್ಯ ಕಾರಣವೆಂದೂ, ಸರಾಸರಿ ಆಯುಷ್ಯದಲ್ಲಿ 1.7 ವರ್ಷ ನಷ್ಟವೆಂದೂ ಅದರಲ್ಲಿ ಬರೆದಿತ್ತು. ಮಂತ್ರಿಗಳು ತಮ್ಮ ಮನೆಯ ಪುಸ್ತಕವನ್ನೇ ಓದದಿದ್ದರೆ ಯಾರು ಓದಿಸಬೇಕು?

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಬಂತು. ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜೊತೆಗೆ ದಾವಣಗೆರೆಯೂ ಸೇರಿತು. ಆದರೆ ಅದರ ಪ್ರಗತಿಯನ್ನು ಅಳೆದದ್ದು ದಪ್ಪ ಧೂಳಾದ ಪಿ.ಎಂ. 10ರಿಂದ; ದೇಶದಲ್ಲಿ ಅದರ ಹಣದ ಹೆಚ್ಚಿನ ಪಾಲು ಹೋದದ್ದು ರಸ್ತೆಯ ಧೂಳು ಅಡಗಿಸುವುದಕ್ಕೆ. ಎದೆಯ ತಳ ಸೇರುವ ಕಣದ ಲೆಕ್ಕ ಕೇಳುವವರಿಲ್ಲ.

ನಾವು ಕೇಳುವುದಿಷ್ಟೆ. ಅಳೆಯುವ ಯಂತ್ರಗಳು ಭಟ್ಟಿಯ ಬೀದಿಗೆ, ಗಿರಣಿಯ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಮನುಷ್ಯನ ಮೂಗಿನ ಎತ್ತರಕ್ಕೆ ಬರಲಿ. ಇ.ಎಸ್.ಐ. ಚಿಕಿತ್ಸಾಲಯಗಳಿಗೆ ಕೆಮ್ಮು, ಉಬ್ಬಸವೆಂದು ಬಂದವರೆಷ್ಟು, ಅವರ ಕಸುಬೇನು ಎಂಬ ಲೆಕ್ಕ ತಿಂಗಳಿಗೊಮ್ಮೆ ಹೊರಬರಲಿ. ಎರಡನ್ನೂ ಮಹಾನಗರಪಾಲಿಕೆಯ ಬಾಗಿಲಲ್ಲಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದು ಹಾಕಲಿ.